ಎರೆ ಮಣ್ಣಿನ ಹಿತ್ತಲಲ್ಲಿ ಟರ್ಫ್: ಹುಬ್ಬಳ್ಳಿಯ ಒಂದು ಮನೆಯ ಪ್ರಕರಣ

ಹುಬ್ಬಳ್ಳಿಯ ಹೊರವಲಯದ ಒಂದು ಬಡಾವಣೆಯಲ್ಲಿ, ಮನೆಯ ಹಿತ್ತಲಿಗೆ ಹಾಸಿದ್ದ ಕೃತಕ ಹುಲ್ಲಿನ ಆಟದಂಗಳ ಮೊದಲ ಮಳೆಗಾಲ ಮುಗಿಯುವುದರೊಳಗೆ ಆಡಲು ಬಾರದಂತಾಯಿತು. ಅದು ಏಕೆ ಕೆಟ್ಟಿತು, ಅದೇ ಜಾಗದಲ್ಲಿ ಮತ್ತೆ ಹೇಗೆ ಕಟ್ಟಿದೆವು ಎಂಬುದರ ವಿವರ ಇದು. ನಾನು ಸಿವಿಲ್ ಇಂಜಿನಿಯರ್. ಅಂಗಳ ಕೆಟ್ಟ ಮೇಲೆ ನನ್ನನ್ನು ಕರೆಸಿದರು. ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಮೊದಲು ಕೆಲಸ ಹಿಡಿದ ಗುತ್ತಿಗೆದಾರರ ಹೆಸರೂ ಇಲ್ಲಿ ಬೇಕಿಲ್ಲ. ಅವರು ಮಾಡಿದ ಕೆಲಸವೇ ಕೆಂಪು ಮಣ್ಣಿನ ಊರಿನಲ್ಲಿ ಆಗಿದ್ದರೆ ಹೆಚ್ಚುಕಡಿಮೆ ನಿಲ್ಲುತ್ತಿತ್ತು.

ಮನೆಯಲ್ಲಿ ಮೂರು ತಲೆಮಾರು. ಅಜ್ಜ ನವಲಗುಂದ ಕಡೆಯ ಒಕ್ಕಲುತನದ ಮನೆತನದವರು, ಹತ್ತಿ ಮತ್ತು ಕಡಲೆ ಬೆಳೆದವರು. ಮಗ, ಸೊಸೆ ಇಬ್ಬರೂ ನೌಕರಿಯಲ್ಲಿದ್ದಾರೆ. ಹತ್ತನೆಯ ತರಗತಿಯ ಮೊಮ್ಮಗಳು ವೇಗದ ಬೌಲರ್. ಅವಳ ತಮ್ಮನಿಗೆ ಫುಟ್‌ಬಾಲ್ ಹುಚ್ಚು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ಗಳು ಊರಲ್ಲಿ ಸಾಕಷ್ಟಿವೆ. ಆದರೆ ಸಂಜೆಯ ಹೊತ್ತನ್ನು ದೊಡ್ಡವರ ಗುಂಪುಗಳು ಮುಂಗಡವಾಗಿ ಹಿಡಿದಿರುತ್ತವೆ, ಹುಡುಗಿಗೆ ಉಳಿಯುವುದು ರಾತ್ರಿ ಒಂಬತ್ತರ ನಂತರದ ಗಂಟೆ. ಹಿತ್ತಲಲ್ಲೇ ಒಂದು ಅಂಗಳವಾದರೆ ಈ ತಾಪತ್ರಯ ತಪ್ಪುತ್ತದೆ ಎಂಬುದು ತಾಯಿಯ ಲೆಕ್ಕ. ಖರ್ಚಿನ ಬಗ್ಗೆ ಗೊಣಗಿದವರು ಅಜ್ಜ ಒಬ್ಬರೇ.

ಹಿತ್ತಲು 58 ಅಡಿ ಉದ್ದ, ಅಂಗಳಕ್ಕೆ ಸಿಗುವ ಅಗಲ 26 ಅಡಿ. ಪೂರ್ವದ ತುದಿಯಲ್ಲಿ ದೊಡ್ಡ ಬೇವಿನ ಮರ. ವಾಯವ್ಯ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ನೀರು ಹರಿದು ಹಿತ್ತಲ ಮಣ್ಣಿಗೇ ಇಂಗುತ್ತಿತ್ತು. ಈ ಎರಡನ್ನೂ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತವೆ.

ಮೊದಲ ಹಾಸು

ಮಕ್ಕಳಿಗೆ ಬೇಸಿಗೆ ರಜೆ ಎಂದು ಕೆಲಸವನ್ನು ಏಪ್ರಿಲ್‌ನಲ್ಲಿ ಮಾಡಿಸಿದ್ದರು. ಮೇಲಿನ ನಾಲ್ಕು ಇಂಚು ಮಣ್ಣು ತೆಗೆದು, ಕಡಿ (ಜಲ್ಲಿಕಲ್ಲು) ಹರಡಿ, ಮೇಲೆ ಕಲ್ಲುಪುಡಿ ಹಾಕಿ, ನೆಲ ಬಡಿದು ಬಿಗಿ ಮಾಡುವ ಪ್ಲೇಟ್ ಕಾಂಪ್ಯಾಕ್ಟರ್ ಓಡಿಸಿದ್ದರು. ಅದರ ಮೇಲೆ 40 ಮಿಲಿಮೀಟರ್ ಎತ್ತರದ ಎಳೆಗಳ ಹಾಸು. ಎರಡು ಮೀಟರ್ ಅಗಲದ ನಾಲ್ಕು ಪಟ್ಟಿಗಳು, ಅವುಗಳ ನಡುವೆ ಮೂರು ಜೋಡಣೆ, ಅಂಚಿಗೆ ಸುತ್ತಲೂ ಮೊಳೆ. ಎಳೆಗಳ ನಡುವೆ ಹಳೆಯ ಟೈರ್ ಅರೆದ ಕಪ್ಪು ರಬ್ಬರ್ ಕಾಳು. ನೀರಿನ ಬಗ್ಗೆ ಕೇಳಿದಾಗ, ಹಾಸಿನ ಬೆನ್ನಿನಲ್ಲಿ ತೂತುಗಳಿವೆ, ಮಳೆನೀರು ಕಡಿಯ ಮೂಲಕ ಕೆಳಗಿನ ಮಣ್ಣಿಗೆ ಇಂಗುತ್ತದೆ ಎಂಬ ಉತ್ತರ ಸಿಕ್ಕಿತ್ತು.

ಟರ್ಫ್ ಹಾಸುವ ಬಗ್ಗೆ ಎಲ್ಲೆಡೆ ಸಿಗುವ ಸಲಹೆಯೂ ಇದೇ: ನೀರನ್ನು ನಿಲ್ಲಗೊಡಬೇಡಿ, ಕೆಳಕ್ಕೆ ಬಿಡಿ. ಎಂಥ ಮಣ್ಣಿಗೆ ಬಿಡುತ್ತಿದ್ದೇವೆ ಎಂದು ಯಾರೂ ಕೇಳುವುದಿಲ್ಲ. ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ, ಗದಗದತ್ತ ಹಬ್ಬಿರುವ ಎರೆ (ಕಪ್ಪು) ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳ. ಅದು ನೀರನ್ನು ತನ್ನ ಪದರಗಳ ನಡುವೆ ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಈ ಏರಿಳಿತ ಮೇಲ್ಪದರಕ್ಕೆ ಸೀಮಿತವಲ್ಲ. ಸಾಮಾನ್ಯವಾಗಿ ಒಂದೂವರೆಯಿಂದ ಮೂರೂವರೆ ಮೀಟರ್ ಆಳದವರೆಗೂ ತೇವ ಋತುವಿಗೆ ತಕ್ಕಂತೆ ಬದಲಾಗುತ್ತಿರುತ್ತದೆ. ಹೊಲದಲ್ಲಿ ಇದು ವರ: ಬಿರುಕಿಗೆ ಬಿದ್ದ ಮೇಲ್ಮಣ್ಣು ಕೆಳಗಿಳಿದು, ಭೂಮಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಸಮತಟ್ಟಾಗಿ ಇರಲೇಬೇಕಾದ ಯಾವುದನ್ನಾದರೂ ಅದರ ಮೇಲೆ ಇಟ್ಟರೆ ಅದೇ ಗುಣ ಶಾಪವಾಗುತ್ತದೆ.

ಏಪ್ರಿಲ್‌ನಲ್ಲಿ ಎರೆ ಪೂರ್ತಿ ಕುಗ್ಗಿರುತ್ತದೆ. ಆ ಸ್ಥಿತಿಯಲ್ಲಿ ಮಟ್ಟ ಹಿಡಿದು ಹಾಸಿದ್ದರು. ಜೂನ್‌ನ ಮಳೆ ಕಡಿಯ ಪದರಕ್ಕಿಳಿದು ಅಲ್ಲೇ ನಿಂತಿತು, ಏಕೆಂದರೆ ನೆನೆದ ಎರೆ ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಕಡಿಯ ಪದರ ಒಂದು ತೊಟ್ಟಿಯಾಗಿ, ಅಡಿಯ ಮಣ್ಣಿಗೆ ವಾರಗಟ್ಟಲೆ ನೀರುಣಿಸುತ್ತಾ ಕುಳಿತಿತು. ಆಗಸ್ಟ್ ಹೊತ್ತಿಗೆ ಅಂಗಳದಲ್ಲಿ ಅಲೆಗಳೆದ್ದವು, ಎರಡು ಜೋಡಣೆಗಳು ಬಾಯಿ ಬಿಟ್ಟವು, ಅಂಚಿನ ಮೊಳೆಗಳು ಮೇಲೆ ಬಂದವು. ಬೌಲಿಂಗ್ ಮಾಡಲು ಓಡಿಬಂದ ಹುಡುಗಿಯ ಕಾಲು ಬಿಟ್ಟ ಜೋಡಣೆಗೆ ಸಿಕ್ಕಿ ಪಾದದ ಕೀಲು ಉಳುಕಿತು. ಅಲ್ಲಿಗೆ ಆಟ ನಿಂತಿತು.

ಒಗೆಯುವ ಕಲ್ಲಿನ ಮೂಲೆ

ನಾನು ನೋಡಲು ಹೋದಾಗ ಮನೆಯವರು ಮೊದಲು ತೋರಿಸಿದ್ದು ವಾಯವ್ಯ ಮೂಲೆಯನ್ನು. ಅಲ್ಲಿ ದೊಡ್ಡ ತಗ್ಗು. ಒಗೆಯುವ ನೀರು ಹರಿದು ಹರಿದು ಮಣ್ಣು ಕುಸಿದಿದೆ ಎಂದು ಗುತ್ತಿಗೆದಾರರು ಹೇಳಿ, ಹಾಸನ್ನು ಎತ್ತಿ ಅಡಿಗೆ ಉಸುಕು ತುಂಬಿ ಹೋಗಿದ್ದರು. ಕೆಲವೇ ದಿನಗಳಲ್ಲಿ ತಗ್ಗು ಮತ್ತೆ ಕಂಡಿತ್ತು, ಮತ್ತೆ ಉಸುಕು ತುಂಬಿದ್ದರು.

ಮಟ್ಟ ಅಳೆಯುವ ಡಂಪಿ ಲೆವೆಲ್ ಉಪಕರಣ ಇಟ್ಟು, ಮನೆಯ ಪ್ಲಿಂತ್ (ಅಡಿಕಟ್ಟೆ) ಮಟ್ಟವನ್ನು ಆಧಾರವಾಗಿಟ್ಟುಕೊಂಡು ಇಡೀ ಅಂಗಳವನ್ನು ಅಳೆದಾಗ ಚಿತ್ರ ತಲೆಕೆಳಗಾಯಿತು. ಮೂಲೆಯ ಮಟ್ಟ ಏಪ್ರಿಲ್‌ನಲ್ಲಿ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇತ್ತು. ಒಗೆಯುವ ನೀರಿನಿಂದ ಅಲ್ಲಿನ ಮಣ್ಣು ವರ್ಷವಿಡೀ ನೆನೆದು, ಉಬ್ಬಬೇಕಾದಷ್ಟು ಮೊದಲೇ ಉಬ್ಬಿ ಕುಳಿತಿತ್ತು. ಮಳೆ ಬಂದಾಗ ಅದಕ್ಕೆ ಏರಲು ಏನೂ ಉಳಿದಿರಲಿಲ್ಲ. ಕುಸಿದಂತೆ ಕಾಣುತ್ತಿದ್ದ ಮೂಲೆಯೇ ಇಡೀ ಹಿತ್ತಲಲ್ಲಿ ಅಲುಗಾಡದೆ ನಿಂತ ಜಾಗ. ಸುತ್ತಲಿನ ಅಂಗಳವೆಲ್ಲ ಅದನ್ನು ಬಿಟ್ಟು ಮೇಲೆದ್ದಿತ್ತು. ಬೇವಿನ ಮರದ ಕಡೆ ಇದರ ವಿರುದ್ಧ: ಬೇರುಗಳು ತೇವ ಹೀರಿ ಮಣ್ಣನ್ನು ಅತಿಯಾಗಿ ಕುಗ್ಗಿಸಿದ್ದರಿಂದ, ಮಳೆಯಲ್ಲಿ ಅತಿ ಹೆಚ್ಚು ಉಬ್ಬಿದ್ದೂ ಅಲ್ಲಿಯೇ. ಮೂರು ಮೀಟರ್ ಉದ್ದದ ನೇರಪಟ್ಟಿ ಇಟ್ಟು ನೋಡಿದರೆ, ಮರದ ಸಮೀಪ ಪಟ್ಟಿಯ ಅಡಿಯ ಸಂದು 38 ಮಿಲಿಮೀಟರ್ ಇತ್ತು.

ಗುಂಡಿ ತೋಡಿ ನೋಡಿದೆವು. ಕಡಿಯ ಅರ್ಧ ಭಾಗ ಮೆತ್ತಗಾದ ಎರೆಯೊಳಗೆ ಹೂತುಹೋಗಿತ್ತು. ಎರಡೂ ಬೆರೆಯದಂತೆ ನಡುವೆ ಇರಬೇಕಿದ್ದ ಜಿಯೊಟೆಕ್ಸ್‌ಟೈಲ್ ಬಟ್ಟೆಯೇ ಇರಲಿಲ್ಲ. ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಫ್ರೀ ಸ್ವೆಲ್ ಪರೀಕ್ಷೆ ಮಾಡಿಸಿದೆ. ಸರಳವಾದ ಪರೀಕ್ಷೆ ಇದು. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, ಒಂದು ಅಳತೆಗಾಜಿನಲ್ಲಿ ಸೀಮೆಎಣ್ಣೆಗೂ ಇನ್ನೊಂದರಲ್ಲಿ ನೀರಿಗೂ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಇಲ್ಲಿ ಮಣ್ಣಿನ ಗಾತ್ರ ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್, ನೀರಿನಲ್ಲಿ 19. ಅಂದರೆ ಶೇಕಡ 90 ಉಬ್ಬರ. ಐವತ್ತು ದಾಟಿದರೆ ಎಚ್ಚರ ಬೇಕು.

ವರದಿಯನ್ನು ಅಜ್ಜನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, “ಸಾಹೇಬರೇ, ಇದಕ್ಕೆ ಸೀಮೆಎಣ್ಣೆ ಯಾಕೆ ಬೇಕಿತ್ತು? ಮೇ ತಿಂಗಳಲ್ಲಿ ಬಂದು ಬಿರುಕಿಗೆ ಬಾರುಕೋಲು ಇಳಿಬಿಟ್ಟಿದ್ದರೆ ಸಾಕಿತ್ತು. ಹತ್ತಿ ಬೆಳೆಯುವ ನೆಲದ ಮೇಲೆ ಚಾಪೆ ಹಾಸಿದ್ದಾರೆ” ಎಂದರು. ಪರೀಕ್ಷೆಯ ಶುಲ್ಕ ಕೊಟ್ಟವರು ಅವರ ಮಗ. ಮಗ ಏನೂ ಹೇಳಲಿಲ್ಲ.

ಬೇರೆ ದಾರಿಗಳಿದ್ದವೇ?

ಇದ್ದವು, ಮತ್ತು ಅವನ್ನು ಹೇಳುವುದು ನನ್ನ ಕರ್ತವ್ಯವಾಗಿತ್ತು. ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಹಾಕಿ ರೋಲರ್ ಹೊಡೆದು, ಬ್ಯಾಟಿಂಗ್ ಪಟ್ಟಿಗೆ ಮಾತ್ರ ನಾರಿನ ಮ್ಯಾಟ್ ಕಟ್ಟಿದರೆ ಕ್ರಿಕೆಟ್ ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ನಮ್ಮ ದೇಶದಲ್ಲಿ ಎಷ್ಟೋ ತಲೆಮಾರು ಮ್ಯಾಟ್ ಮೇಲೆಯೇ ಆಟ ಕಲಿತಿವೆ. ನೆಲ ಏರಿದರೆ ಮ್ಯಾಟ್ ಬಿಚ್ಚಿ, ಗರಸು ಕೆತ್ತಿ, ಮತ್ತೆ ಕಟ್ಟಬಹುದು. ಖರ್ಚು ಟರ್ಫ್‌ನ ಒಂದು ಚೂರು. ಈಗಲೂ ಎರೆ ನೆಲದವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಇಲ್ಲಿ ಅದು ಒಪ್ಪಿಗೆಯಾಗಲಿಲ್ಲ. ಸೊಸೆಗೆ ಧೂಳು ಆಗದು, ಅಡುಗೆಮನೆಯ ಬಾಗಿಲು ತೆರೆಯುವುದು ಹಿತ್ತಲಿಗೇ. ಹುಡುಗನ ಫುಟ್‌ಬಾಲ್‌ಗೂ ಗರಸು ಮೊಣಕಾಲು ತರಚುವ ನೆಲ. ಹಾಗಾಗಿ ಟರ್ಫ್ ಎಂದೇ ತೀರ್ಮಾನವಾಯಿತು, ಆದರೆ ಡಿಸೆಂಬರ್‌ವರೆಗೆ ಕಾಯಬೇಕು ಎಂದು ಪಟ್ಟು ಹಿಡಿದೆ. ಮಳೆ ಮುಗಿದು, ಮಣ್ಣು ಪೂರ್ತಿ ನೆನೆದೂ ಇರದ, ಪೂರ್ತಿ ಒಣಗಿಯೂ ಇರದ ಹೊತ್ತು ಅದು. ಆ ನಡುವಿನ ತೇವದಲ್ಲಿ ಮಟ್ಟ ಹಿಡಿದರೆ ಮುಂದಿನ ಏರಿಕೆ, ಇಳಿಕೆ ಎರಡೂ ಚಿಕ್ಕವಾಗುತ್ತವೆ.

ಅಡಿಪಾಯ

ಅಂಗಳವನ್ನು 52 ಅಡಿಗೆ ಇಳಿಸಿ ಮರದಿಂದ ದೂರ ಸರಿಸಿದೆವು. ಬೇವನ್ನು ಕಡಿಯುವ ಮಾತು ಬಂದಿತ್ತು, ಅಜ್ಜ ಬಿಡಲಿಲ್ಲ. ಕಡಿದಿದ್ದರೂ ಕೆಲಸ ಕೆಡುತ್ತಿತ್ತು: ಬೇರು ಹೀರುವುದು ನಿಂತ ಮೇಲೆ ಅಲ್ಲಿನ ಒಣ ಮಣ್ಣು ವರ್ಷಗಳ ಕಾಲ ನಿಧಾನವಾಗಿ ಉಬ್ಬುತ್ತಲೇ ಇರುತ್ತದೆ. ಮರಕ್ಕೂ ಅಂಗಳಕ್ಕೂ ನಡುವೆ ನಾಲ್ಕು ಅಡಿ ಆಳದ ಕಿರಿದಾದ ಕಾಲುವೆ ತೋಡಿ, ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಟ್ಟಗೆ ಇಳಿಬಿಟ್ಟು ಮುಚ್ಚಿದೆವು. ಆ ಗೆರೆಯಾಚೆಯ ತೇವಕ್ಕೆ ಬೇರು ಸುಲಭವಾಗಿ ಕೈ ಹಾಕದಿರಲಿ ಎಂದು.

ಎರಡೂವರೆ ಅಡಿ ಎರೆ ತೆಗೆದೆವು. ಅಂಗಳದ ಅಳತೆಯಲ್ಲಿ ಸುಮಾರು 34 ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ). ಅಗೆದು ಸಡಿಲವಾದ ಮೇಲೆ ಟಿಪ್ಪರ್‌ಗೆ ಇನ್ನೂ ಹೆಚ್ಚು. ಉಬ್ಬುವ ಮಣ್ಣು ಇನ್ನೂ ಕೆಳಗಿದೆಯಲ್ಲ ಎಂದು ಮಗ ಕೇಳಿದ್ದು ನ್ಯಾಯವಾಗಿತ್ತು. ಇದಕ್ಕೆ ಉತ್ತರ ನಮ್ಮ ನಾಡಿನ ಕಾಲುವೆಗಳಲ್ಲೇ ಇದೆ. ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ 1970ರ ದಶಕದಲ್ಲಿ ಎರೆ ಮಣ್ಣಿನ ಮೇಲೆ ಕೆಲಸ ಮಾಡಿ ತೋರಿಸಿದ್ದು ಇದನ್ನೇ: ಉಬ್ಬದ, ಆದರೆ ಅಂಟುಗುಣ ಇರುವ ಮಣ್ಣಿನ ಪದರವನ್ನು ಮೇಲೆ ಬಿಗಿಯಾಗಿ ಕೂರಿಸಿದರೆ ಅಡಿಯ ಎರೆಯ ಉಬ್ಬರ ಬಹಳ ತಗ್ಗುತ್ತದೆ. ಮಲಪ್ರಭಾ ಕಾಲುವೆ ಕಾಮಗಾರಿಯಲ್ಲಿ ಈ ವಿಧಾನ ಬಳಕೆಯಾಯಿತು. ಇಲ್ಲಿ ಗಮನಿಸಬೇಕಾದ್ದು ಅಂಟುಗುಣ. ಬರೀ ಉಸುಕು ಅಥವಾ ಕಡಿ ತುಂಬಿದರೆ ಆ ಕೆಲಸ ಆಗುವುದಿಲ್ಲ, ನೀರಿಗೆ ದಾರಿ ಮಾಡಿಕೊಟ್ಟಂತೆ ಮಾತ್ರ ಆಗುತ್ತದೆ. ಮೊದಲ ಹಾಸು ಸೋತಿದ್ದೂ ಹಾಗೆಯೇ.

ಆದ್ದರಿಂದ ಸ್ವಲ್ಪ ಜಿಗುಟಿರುವ ಗರಸನ್ನೇ ಆರಿಸಿ ತರಿಸಿದೆ. ಮೊದಲು ಬಂದ ಎರಡು ಲೋಡು ಬರೀ ಕಲ್ಲುಚೂರಿದ್ದವು, ವಾಪಸ್ ಕಳಿಸಿದೆ. ಆರಾರು ಇಂಚಿನ ಪದರಗಳಾಗಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ಸಣ್ಣ ವೈಬ್ರೇಟರಿ ರೋಲರ್ ಓಡಿಸಿದೆವು. ಈ ಹಂತದಲ್ಲಿ ಅವಸರ ಮಾಡಿದರೆ ಮೇಲೆ ಎಷ್ಟು ದುಬಾರಿ ಹಾಸು ತಂದರೂ ವ್ಯರ್ಥ, ಹಾಗಾಗಿ ಮೇಸ್ತ್ರಿಯ ಮುಖ ಕೆಂಪಾಗುವವರೆಗೂ ಪಕ್ಕದಲ್ಲೇ ನಿಂತಿದ್ದೆ.

ಗರಸಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಇಂಚು ದಪ್ಪದ ಎಂ20 ದರ್ಜೆಯ ಕಾಂಕ್ರೀಟ್, ಒಳಗೆ ತೆಳುವಾದ ಕಬ್ಬಿಣದ ಜಾಲರಿ. ನೀರು ಇಂಗಬಾರದು, ಪಕ್ಕಕ್ಕೆ ಹರಿಯಬೇಕು ಎಂಬುದು ಇಡೀ ವಿನ್ಯಾಸದ ಸೂತ್ರ. ಅದಕ್ಕಾಗಿ ಅಗಲದುದ್ದಕ್ಕೂ ನೂರಕ್ಕೆ ಒಂದರಂತೆ ಇಳಿಜಾರು: 26 ಅಡಿಗೆ ಮೂರು ಇಂಚು. ಆಡುವವರ ಕಾಲಿಗೆ ಇದು ತಿಳಿಯುವುದಿಲ್ಲ. ಕಾಂಕ್ರೀಟನ್ನು ಉದ್ದಕ್ಕೆ ಆರು, ಅಗಲಕ್ಕೆ ಮೂರರಂತೆ 18 ಚೌಕಗಳಾಗಿ ಗೀರು ಕೊರೆದು, ಸಂದುಗಳಿಗೆ ಸೀಲಂಟ್ ತುಂಬಿದೆವು. ಬಿರಿಯುವುದಾದರೆ ನಾವು ಹೇಳಿದ ಗೆರೆಯಲ್ಲೇ ಬಿರಿಯಲಿ. ಮನೆಯ ಗೋಡೆಗೆ ಚಪ್ಪಡಿಯನ್ನು ತಾಗಿಸಲಿಲ್ಲ. ಸುತ್ತಲೂ ಮೂರು ಅಡಿ ಅಗಲಕ್ಕೆ ಫರಸಿ ಕಲ್ಲು ಹಾಸಿ ಸಂದು ತುಂಬಿದ್ದರಿಂದ ಅಂಚಿನ ಮಣ್ಣೂ ಒಮ್ಮೆ ನೆನೆದು ಒಮ್ಮೆ ಒಣಗುವುದು ತಪ್ಪಿತು. ಒಗೆಯುವ ಕಲ್ಲಿನ ನೀರನ್ನು ಪೈಪ್ ಹಾಕಿ ನೇರವಾಗಿ ಗಟಾರಕ್ಕೆ ತಿರುಗಿಸಿದೆವು.

ಈ ಅಂಗಳದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಆರು ಸಾವಿರ ಲೀಟರ್‌ಗೂ ಹೆಚ್ಚು ನೀರು. ಅದನ್ನು ತಗ್ಗಿನ ಅಂಚಿನ ಚರಂಡಿಯಿಂದ ಹಿಡಿದು, ಜಾಲರಿ ಮತ್ತು ಉಸುಕಿನ ಸಣ್ಣ ತೊಟ್ಟಿಯಲ್ಲಿ ಸೋಸಿ, ಹತ್ತು ಸಾವಿರ ಲೀಟರ್‌ನ ಪ್ರತ್ಯೇಕ ಸಂಪ್‌ಗೆ ಬಿಟ್ಟೆವು. ಕುಡಿಯಲು ಅಲ್ಲ. ಸವೆದ ಪ್ಲಾಸ್ಟಿಕ್ ಎಳೆಯ ಚೂರುಗಳು ಊರಿನ ಗಟಾರ ಸೇರದಿರಲಿ ಎಂಬುದೂ ಆ ಜಾಲರಿಯ ಉದ್ದೇಶ.

ಯಾವ ಹುಲ್ಲು?

ಅಂಗಡಿಯಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತವೆ. ಆಟಕ್ಕೆ ತಕ್ಕಂತೆ ಎಳೆಯ ಎತ್ತರ ಬದಲಾಗಬೇಕು. ಫುಟ್‌ಬಾಲ್‌ಗೆ 40ರಿಂದ 60 ಮಿಲಿಮೀಟರ್, ಕ್ರಿಕೆಟ್ ಪಟ್ಟಿಗೆ ಹತ್ತರ ಆಸುಪಾಸು. ಮೊದಲಿನ 40 ಮಿಲಿಮೀಟರ್ ಹಾಸಿನ ಮೇಲೆ ಚೆಂಡು ಪುಟಿಯುತ್ತಲೇ ಇರಲಿಲ್ಲ, ಹುಡುಗಿ ಅದನ್ನು ಮೊದಲ ವಾರದಲ್ಲೇ ಹೇಳಿದ್ದಳಂತೆ. ಇಬ್ಬರು ಮಕ್ಕಳ ನಡುವೆ ರಾಜಿಯಾಗಿ 15 ಮಿಲಿಮೀಟರ್‌ನ ದಟ್ಟ ಪಾಲಿಎಥಿಲೀನ್ ಹಾಸು ತೆಗೆದುಕೊಂಡೆವು. ಚೆಂಡಿಗೆ ನಂಬುವಂಥ ಪುಟಿತ, ಕಾಲಿಗೆ ಸಾಕಷ್ಟು ಹಿಡಿತ. ತಮ್ಮನಿಗೆ ಇದು ಅರ್ಧ ತೃಪ್ತಿ; ಸ್ಲೈಡ್ ಮಾಡಲಾಗುವುದಿಲ್ಲ ಎಂಬ ತಕರಾರು ಇನ್ನೂ ಇದೆ. ಬ್ಯಾಡ್ಮಿಂಟನ್ ಗೆರೆಗಳನ್ನೂ ಹಾಕಿಸಬೇಕೆಂದು ತಂದೆ ಕೇಳಿದರು, ನಾನು ಬೇಡವೆಂದೆ. ಬಯಲಿನ ಗಾಳಿಗೆ ಶಟಲ್ ನಿಲ್ಲುವುದಿಲ್ಲ, ಉಸುಕು ತುಂಬಿದ ಹಾಸಿನ ಮೇಲೆ ಆ ಆಟದ ಹೆಜ್ಜೆಗಳೂ ಕೂಡಿಬರುವುದಿಲ್ಲ.

ಕಾಂಕ್ರೀಟ್ ಮೊಣಕಾಲಿಗೆ ಗಟ್ಟಿ. ಅದಕ್ಕಾಗಿ ಹಾಸಿನ ಅಡಿಯಲ್ಲಿ ಹತ್ತು ಮಿಲಿಮೀಟರ್‌ನ ಫೋಮ್ ಶಾಕ್ ಪ್ಯಾಡ್, ನೀರು ಹರಿಯಲು ತೂತುಗಳಿರುವಂಥದ್ದು. ರಬ್ಬರ್ ಕಾಳಿನ ಮಾತೇ ಎತ್ತಬೇಡಿ ಎಂದು ಸೊಸೆ ಮೊದಲೇ ಹೇಳಿದ್ದರು: ಮಕ್ಕಳ ತಲೆಗೂದಲಿನಿಂದ ಹಿಡಿದು ಹಿಟ್ಟಿನ ಡಬ್ಬಿಯವರೆಗೆ ಅದು ಸಿಗುತ್ತಿತ್ತು. ಯುರೋಪಿಯನ್ ಒಕ್ಕೂಟವು 2023ರಲ್ಲಿ ಮೈಕ್ರೊಪ್ಲಾಸ್ಟಿಕ್ ನಿಯಮ ತಂದು, ಇಂಥ ಕಾಳಿನ ಮಾರಾಟವನ್ನು 2031ರಿಂದ ನಿಲ್ಲಿಸಲು ಗಡುವು ಕೊಟ್ಟಿದೆ. ನಾವು ತುಂಬಿದ್ದು ತೊಳೆದು ಒಣಗಿಸಿದ, ದುಂಡು ಕಣದ ಸಿಲಿಕಾ ಉಸುಕನ್ನು, ಚದರ ಮೀಟರ್‌ಗೆ ಸುಮಾರು 15 ಕಿಲೋ. ಒಟ್ಟು ಎರಡು ಟನ್‌ಗೆ ಸ್ವಲ್ಪ ಕಡಿಮೆ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಉಸುಕು) ಅಗ್ಗ, ಆದರೆ ಅದರ ಕಣಗಳ ಅಂಚು ಚೂಪು, ಎಳೆಗಳನ್ನು ಕೊರೆಯುತ್ತದೆ.

ಜೋಡಣೆಯ ವಿಷಯದಲ್ಲಿ ಹುಡುಗಿ ನನಗಿಂತ ಮುಂದೆ ಯೋಚಿಸಿದ್ದಳು. ಹಾಸು ಬಂದದ್ದು ನಾಲ್ಕು ಮೀಟರ್ ಅಗಲದ ಸುರುಳಿಗಳಲ್ಲಿ. ಎರಡನ್ನು ಪಕ್ಕಪಕ್ಕ ಹಾಸಿದರೆ 26 ಅಡಿ ಮುಗಿಯುತ್ತದೆ, ಒಂದೇ ಜೋಡಣೆ, ಕೆಲಸ ಹಗುರ. “ಆ ಗೆರೆ ಸರಿಯಾಗಿ ಪಿಚ್ ನಡುವೆ ಬರುತ್ತದೆ ಅಂಕಲ್. ಗುಡ್ ಲೆಂಗ್ತ್ ಹಾಕಿದ ಪ್ರತಿ ಚೆಂಡೂ ಅದಕ್ಕೇ ಬಡಿಯುತ್ತದೆ” ಎಂದಳು. ಒಂದು ಸುರುಳಿಯನ್ನು ಇಡಿಯಾಗಿ ನಡುವೆ ಹಾಸಿ, ಇನ್ನೊಂದನ್ನು ಉದ್ದಕ್ಕೆ ಸೀಳಿ ಎರಡು ಬದಿಗೆ ಹಾಕಿದೆವು. ಜೋಡಣೆ ಎರಡಾದವು, ಆದರೆ ಎರಡೂ ಅಂಚಿನಿಂದ ಆರೂವರೆ ಅಡಿಯೊಳಗೆ. ಸೀಳಿದ ಭಾಗವನ್ನು ತಿರುಗಿಸದೆ, ಎಳೆಗಳ ಒಲವು ಒಂದೇ ದಿಕ್ಕಿಗೆ ಇರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಬಿಸಿಲಿಗೆ ಎರಡು ಬಣ್ಣವಾಗಿ ಕಾಣುತ್ತದೆ, ಚೆಂಡಿನ ಓಟವೂ ಬದಲಾಗುತ್ತದೆ. ಸುರುಳಿಗಳನ್ನು ಬಿಚ್ಚಿ ಒಂದು ದಿನ ಬಿಸಿಲಿಗೆ ಬಿಟ್ಟು, ಸುಕ್ಕು ಹೋದ ಮೇಲೆ ಟೇಪ್ ಮತ್ತು ಎರಡು ಭಾಗದ ಪಾಲಿಯುರೆಥೇನ್ ಅಂಟಿನಿಂದ ಜೋಡಿಸಿದೆವು. ಡಿಸೆಂಬರ್‌ನ ಇಬ್ಬನಿ ಆರುವವರೆಗೆ ಅಂಟಿನ ಡಬ್ಬಿ ತೆರೆಯಲು ಬಿಡಲಿಲ್ಲ.

ಒಟ್ಟು ಬಿಲ್ಲಿನಲ್ಲಿ ಹಾಸಿನ ಪಾಲು ಅರ್ಧಕ್ಕಿಂತ ಕಡಿಮೆ. ಹಳೆಯ ಹಾಸನ್ನು ಎಸೆಯಲಿಲ್ಲ. ಬೇವಿನ ನೆರಳಲ್ಲಿ ಒಂದು ತುಂಡು, ಮಾಳಿಗೆಯ ಮೇಲೆ ಉಳಿದದ್ದು.

ಮುಂದಿನ ಮಳೆ, ಮುಂದಿನ ಬೇಸಿಗೆ

ಒಂದು ಬೇಸಿಗೆ, ಒಂದು ಮಳೆಗಾಲ ದಾಟಿದ ಮೇಲೆ ಅದೇ ನೇರಪಟ್ಟಿ ಇಟ್ಟು ಅಳೆದೆ. ಅತಿ ಹೆಚ್ಚಿನ ಸಂದು 8 ಮಿಲಿಮೀಟರ್, ಅದೂ ಮರದ ಕಡೆಯ ಕೊನೆಯ ಸಾಲಿನಲ್ಲಿ. ಆ ಸಾಲಿನ ಒಂದು ಚೌಕದ ಸಂದಿನಲ್ಲಿ ಸೀಲಂಟ್ ಬಿಟ್ಟಿತ್ತು, ಅಂಚಿನ ಹಾಸನ್ನು ಎತ್ತಿ ಮತ್ತೆ ತುಂಬಿದೆವು. ಎರೆಯ ಮೇಲೆ ಇಷ್ಟು ಚಲನೆ ಇರುತ್ತದೆಂದು ಮನೆಯವರಿಗೆ ಮೊದಲೇ ಬರೆದುಕೊಟ್ಟಿದ್ದೆ.

ಬಿಸಿಲಿನ ಸಮಸ್ಯೆಗೆ ಪರಿಹಾರವಿಲ್ಲ, ಹೊಂದಾಣಿಕೆ ಮಾತ್ರ. ಏಪ್ರಿಲ್ ಮಧ್ಯಾಹ್ನ ಕೃತಕ ಹುಲ್ಲಿನ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಜೀವಂತ ಹುಲ್ಲು ನೀರನ್ನು ಆವಿಯಾಗಿಸಿ ತಣ್ಣಗಿರುತ್ತದೆ, ಪ್ಲಾಸ್ಟಿಕ್‌ಗೆ ಆ ಉಪಾಯ ಗೊತ್ತಿಲ್ಲ. ನೀರು ಚಿಮುಕಿಸಿದರೆ ಕೂಡಲೇ ಇಳಿಯುತ್ತದೆ, ನೀರು ಆರಿದೊಡನೆ ಮತ್ತೆ ಏರುತ್ತದೆ. ಹನ್ನೊಂದರಿಂದ ಐದರವರೆಗೆ ಅಂಗಳಕ್ಕೆ ಇಳಿಯುವಂತಿಲ್ಲ ಎಂದು ತಾಯಿ ಕಟ್ಟುನಿಟ್ಟು ಮಾಡಿದ್ದಾರೆ, ಬರಿಗಾಲಂತೂ ಯಾವಾಗಲೂ ಇಲ್ಲ. ಸಂಜೆ ಆಟಕ್ಕೆ ಮುಂಚೆ ಸಂಪಿನ ನೀರನ್ನು ಒಂದು ಸಲ ಹಾಯಿಸುತ್ತಾರೆ. ನಲ್ಲಿ ನೀರಿನ ಸರದಿ ಕಾಯುವ ಬಡಾವಣೆಯಲ್ಲಿ ಕುಡಿಯುವ ನೀರನ್ನು ಪ್ಲಾಸ್ಟಿಕ್‌ಗೆ ಸುರಿಯುವುದನ್ನು ಅಜ್ಜ ಹೇಗೂ ಒಪ್ಪುತ್ತಿರಲಿಲ್ಲ.

ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಿಂದ ಎಳೆಗಳನ್ನು ಒಲವಿನ ವಿರುದ್ಧ ದಿಕ್ಕಿಗೆ ಗುಡಿಸಿ ಉಸುಕನ್ನು ಸಮ ಮಾಡುವುದು, ಬೇವಿನ ಎಲೆ ಉದುರುವ ದಿನಗಳಲ್ಲಿ ನಿತ್ಯವೂ ಗುಡಿಸುವುದು, ಮಳೆಗಾಲಕ್ಕೆ ಮುಂಚೆ ಚರಂಡಿಯ ಜಾಲರಿ ತೆಗೆದು ತೊಳೆಯುವುದು: ನಿರ್ವಹಣೆ ಎಂದರೆ ಇಷ್ಟೇ. ನೈಲಾನ್ ಬಲೆಯನ್ನು ಮೇಲ್ಗಡೆಯೂ ಮುಚ್ಚಿದ್ದರಿಂದ ಪಕ್ಕದ ಮನೆಯ ಗಾಜಿಗೆ ಇದುವರೆಗೆ ಅಪಾಯವಾಗಿಲ್ಲ. ದೀಪದ ಬಗ್ಗೆ ಅವರಿಂದ ದೂರು ಬಂದು, ಕಂಬದ ತಲೆಯನ್ನು ಕೆಳಗೆ ಬಾಗಿಸಿ ಒಂಬತ್ತಕ್ಕೆ ಆರಿಸುವ ಒಪ್ಪಂದವಾಯಿತು. ಹಾಸು ಸವೆದ ದಿನ ಕಾಂಕ್ರೀಟ್ ಹಾಗೆಯೇ ಉಳಿಯುತ್ತದೆ, ಮೇಲಿನದನ್ನು ಮಾತ್ರ ಬದಲಿಸಬೇಕು. ಅದೇ ಸುರುಳಿಯಿಂದ ಉಳಿದ ಒಂದು ತುಂಡನ್ನು ತೇಪೆಗೆಂದು ಕತ್ತಲೆ ಕೋಣೆಯಲ್ಲಿ ಸುತ್ತಿ ಇಡಿಸಿದ್ದೇನೆ, ಮುಂದೆ ಹೊಸದು ತಂದರೆ ಬಣ್ಣ ಹೊಂದುವುದಿಲ್ಲ.